ಜಮಖಾನೆಯ ಮೇಲಿನ ತೂಕ

ಮಗಳು ಹಬ್ಬಕ್ಕೆ ಬರುತ್ತಾಳೆಂದರೆ ಯಾವ ತಾಯಿಗಾದರೂ ಖುಷಿಯೇ. ಬುರುಲ್‌ಗೆ ಮಾತ್ರ ಈ ಸಲ ಹೆದರಿಕೆ ಹುಟ್ಟಿತು. ಮಗಳು ಬೆರ್ಮೆತ್ ರಾಜಧಾನಿ ಬಿಷ್ಕೆಕ್‌ನಿಂದ ಫೋನು ಮಾಡಿ ಉಪವಾಸದ ತಿಂಗಳು ಮುಗಿದ ಮೇಲಿನ ಐತ್ ಹಬ್ಬಕ್ಕೆ ಬರುತ್ತೇನೆ ಎಂದಿದ್ದಳು. ಹಬ್ಬ ಮುಗಿಯುತ್ತಿದ್ದಂತೆ ದೇಶದ ತಂಡಕ್ಕೆ ಆಯ್ಕೆಯ ಕುಸ್ತಿ, ಅಲ್ಲಿ ತೂಕ ಐವತ್ತಮೂರು ಕಿಲೋ ದಾಟುವ ಹಾಗಿಲ್ಲ ಎಂದೂ ಹೇಳಿದ್ದಳು.

ಆ ಮಾತು ಕೇಳಿದ ಕೂಡಲೇ ಬುರುಲ್‌ಗೆ ಅಯ್‌ಪೆರಿ ನೆನಪಾದಳು. ಪಕ್ಕದ ಕಣಿವೆಯ ಹುಡುಗಿ, ಬೆರ್ಮೆತ್‌ಳ ಜೊತೆಗೇ ಕುಸ್ತಿ ಕಲಿತವಳು. ಹೋದ ಚಳಿಗಾಲದಲ್ಲಿ ತೂಕ ಇಳಿಸಬೇಕೆಂದು ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಅದರ ಮೇಲೆ ಕೋಟು ತೊಟ್ಟು, ಹಿತ್ತಲಿನ ಮೊಂಚದಲ್ಲಿ ಕೂತಿದ್ದಳಂತೆ. ಮೈ ಕೊಳೆ ಹೋಗಲೆಂದು ವಾರಕ್ಕೊಮ್ಮೆ ಎಲ್ಲರೂ ಅವರವರ ಹಿತ್ತಲಲ್ಲಿ ಕೂರುವ ಅದೇ ಆವಿಯ ಸ್ನಾನದ ಮನೆ. ಅಯ್‌ಪೆರಿ ಅಲ್ಲಿಂದ ಎದ್ದು ಬರಲಿಲ್ಲ. ಸಾವಿನ ಮನೆಗೆ ಹೋದಾಗ ಅವಳ ತಾಯಿ ಅಳದೆ, ಬಂದವರಿಗೆಲ್ಲ ಚಹಾ ಬಗ್ಗಿಸುತ್ತಲೇ ಇದ್ದಳು. ಬಟ್ಟಲು ತುಂಬಿ ಚೆಲ್ಲಿದರೂ ಬಗ್ಗಿಸುತ್ತಲೇ ಇದ್ದಳು. ಅದನ್ನು ನೋಡಿದ ಮೇಲೆ ಬುರುಲ್‌ಗೆ ಮೊಂಚದ ಹೊಗೆ ಕಂಡರೇ ಆಗುತ್ತಿರಲಿಲ್ಲ.

ಅವಳ ಲೆಕ್ಕ ನೇರವಾಗಿತ್ತು. ಮಗಳು ದಪ್ಪಗಾಗದಿದ್ದರೆ ಮೊಂಚದಲ್ಲಿ ಕೂರುವ ಕೆಲಸವಿಲ್ಲ. ಗಂಡ ಕುರಿಗಳ ಜೊತೆ ಬೆಟ್ಟದ ದೊಡ್ಡಿಯಲ್ಲಿದ್ದ. ಆದ್ದರಿಂದ ಮಗಳ ಬಾಯಿ ಕಾಯುವ ಕೆಲಸ ತನ್ನದೇ ಎಂದು ಟೊಂಕ ಕಟ್ಟಿ ನಿಂತಳು.

ಆದರೆ ಐತ್ ಹಬ್ಬದಲ್ಲಿ ಬಾಯಿ ಕಾಯುವುದೆಂದರೆ ಹುಡುಗಾಟವೇ? ಮೊದಲ ದಿನ ಬೆಳಗಾಗುವುದರೊಳಗೆ ಮನೆ ತುಂಬ ಎಣ್ಣೆಯ ವಾಸನೆ. ಕರಿದ ಹಿಟ್ಟಿನ ಉಂಡೆ ಬೋರ್ಸೋಕ್‌ಗಳ ರಾಶಿ, ಪದರ ಪದರದ ಕತ್ತಮ ರೊಟ್ಟಿ, ಕೆನೆ, ಜೇನು, ಕೊಬ್ಬು ಹೊಳೆಯುವ ಕುರಿಮಾಂಸ. ಊರಿನವರೆಲ್ಲ ಮನೆಯಿಂದ ಮನೆಗೆ ಹೋಗಬೇಕು, ಹೋದಲ್ಲೆಲ್ಲ ರೊಟ್ಟಿ ಮುರಿದು ಬಾಯಿಗಿಡಬೇಕು. ಇಡದೆ ಹೊರಟರೆ ಆ ಮನೆಯ ಅನ್ನಕ್ಕೇ ಅವಮಾನ. ಬುರುಲ್ ಮಗಳಿಗೆ ರೊಟ್ಟಿಯ ಚೂರು ತುಟಿಗೆ ತಾಗಿಸಿ ಜೇಬಿಗೆ ಹಾಕಿಕೊಳ್ಳುವುದನ್ನು ಕಲಿಸಿದಳು. ಪಕ್ಕದ ಮನೆಯ ಸೊನುನ್ ಅದನ್ನು ಕಂಡುಹಿಡಿದುಬಿಟ್ಟಳು.

"ಏನ್ ಬುರುಲ್, ಮಗಳನ್ನ ಕುಸ್ತಿಗೆ ಕಳಿಸ್ತಿದ್ದೀಯೋ, ಭಿಕ್ಷೆಗೆ ಕಳಿಸ್ತಿದ್ದೀಯೋ? ಕೆನ್ನೆ ನೋಡು, ಚಳಿಗಾಲ ಕಳೆದ ಕುರಿ ಥರ ಆಗಿದೆ."

"ನಿನ್ನ ಸೊಸೆ ಕೆನ್ನೆ ನೋಡ್ಕೋ ಹೋಗು," ಎಂದಳು ಬುರುಲ್. ಸೊನುನ್ ನಕ್ಕಳು. ಬುರುಲ್ ನಗಲಿಲ್ಲ.

ಬೆರ್ಮೆತ್ ಪ್ರತಿದಿನ ಬೆಳಿಗ್ಗೆ ಹಿಮ ಕರಗಿ ಕೆಸರಾದ ದಾರಿಯಲ್ಲಿ ನದಿಯವರೆಗೆ ಓಡಿ ಬರುತ್ತಿದ್ದಳು. ಅಂಗಳದಲ್ಲಿ ಹಿಟ್ಟಿನ ಮೂಟೆಯನ್ನು ಹೆಗಲಿಗೇರಿಸಿ ಕೂತು ಎದ್ದು ಮಾಡುತ್ತಿದ್ದಳು. ಆಮೇಲೆ ತೂಕ. ಬುರುಲ್ ಬಜಾರಿನಿಂದ ಒಂದು ಗಾಜಿನ ತೂಕದ ಯಂತ್ರ ತಂದಿಟ್ಟಿದ್ದಳು. ಮಗಳು ಬರಿಗಾಲಲ್ಲಿ ತಣ್ಣನೆಯ ಹಲಗೆ ನೆಲದ ಮೇಲೆ ಕಾಲಿಡುವುದು ಬೇಡವೆಂದು ಅದನ್ನು ದಪ್ಪ ಉಣ್ಣೆಯ ಜಮಖಾನೆಯ ಮೇಲಿಟ್ಟಿದ್ದಳು. ಬೆಳಗಿನ ಅಂಕಿ ಬರುವವರೆಗೂ ಬುರುಲ್ ಉಸಿರು ಹಿಡಿದಿರುತ್ತಿದ್ದಳು. ಮೊದಲ ದಿನ ಐವತ್ತೆರಡೂವರೆ. ಎರಡನೇ ದಿನವೂ ಅಷ್ಟೇ.

ಹೆದರಿಕೆ ಸಡಿಲಾದರೆ ಕೈಯೂ ಸಡಿಲಾಗುತ್ತದೆ. ಎರಡನೇ ದಿನ ಮಧ್ಯಾಹ್ನ ಬುರುಲ್ ತಾನೇ ಬಿಸಿ ಕತ್ತಮದ ಮೇಲೆ ಕೆನೆ ಬಳಿದು ಮಗಳ ಮುಂದಿಟ್ಟಳು. ತಿಂಗಳುಗಟ್ಟಲೆ ಬೇಯಿಸಿದ ಕೋಳಿ, ಬರಿ ಗಂಜಿ ತಿಂದು ಬದುಕಿದ್ದ ಹುಡುಗಿ ಕಣ್ಣುಮುಚ್ಚಿ ತಿಂದಳು. ಬುರುಲ್ ಇನ್ನೊಂದು ಇಟ್ಟಳು. ಆ ಹೊತ್ತು ಅವಳಿಗೆ ಆದ ಸಂತೋಷ ಹೇಳತೀರದು. ಸಂಜೆ ಸೊನುನ್‌ಳ ಮನೆಯಲ್ಲಿ ಬೆರ್ಮೆತ್ ಬೋರ್ಸೋಕ್ ತಿಂದದ್ದನ್ನು ಕಂಡೂ ಕಾಣದವಳಂತೆ ಇದ್ದುಬಿಟ್ಟಳು.

ಮೂರನೇ ದಿನ ಯಂತ್ರ ಐವತ್ತಮೂರಕ್ಕೆ ಒಂದಿಷ್ಟು ಕಡಿಮೆ ತೋರಿಸಿತು. ಮಾರನೇ ದಿನ ಬೆಳಿಗ್ಗೆ ಬಿಷ್ಕೆಕ್‌ನಲ್ಲಿ ತೂಕ ನೋಡುತ್ತಾರೆ, ಸಂಜೆ ಹೊರಡುವ ಕಾರಿನಲ್ಲಿ ಜಾಗ ಹೇಳಿಟ್ಟಾಗಿತ್ತು. ಮಧ್ಯಾಹ್ನದ ಹೊತ್ತಿಗೆ ತರಬೇತುದಾರ ತುರಾರ್ ಫೋನು ಮಾಡಿದ. ಬೆರ್ಮೆತ್ ಅಂಕಿ ಹೇಳಿದಳು. ಅವನು ಏನೋ ಕೇಳಿದ. ಜಮಖಾನೆಯ ಮೇಲೆ, ಎಂದಳು ಬೆರ್ಮೆತ್. ಫೋನು ಜೇಬಿಗೆ ಹಾಕಿದಳು. ಯಂತ್ರವನ್ನು ಎತ್ತಿಕೊಂಡು ಹೋಗಿ ಜಗುಲಿಯ ಬರಿ ಹಲಗೆಯ ಮೇಲಿಟ್ಟು ನಿಂತಳು.

ಐವತ್ತೈದರ ಮೇಲೆ.

ಇಳಿದು ಮತ್ತೆ ಹತ್ತಿದಳು. ಅಷ್ಟೇ. ದಪ್ಪ ಉಣ್ಣೆಯಲ್ಲಿ ಯಂತ್ರದ ಪುಟ್ಟ ಕಾಲುಗಳು ಹೂತುಹೋಗಿ, ಗಾಜಿನ ಹೊಟ್ಟೆ ಜಮಖಾನೆಗೆ ತಾಗಿ, ಹುಡುಗಿಯ ಭಾರದಲ್ಲಿ ಒಂದು ಪಾಲನ್ನು ಆ ಜಮಖಾನೆಯೇ ಹೊತ್ತುಕೊಂಡಿತ್ತು. ಬುರುಲ್ ತಾನೇ ಕತ್ತರಿಸಿ, ತಾನೇ ಹೊಲಿದ ಜಮಖಾನೆ.

ಬೆರ್ಮೆತ್ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಓಡಿ ಬರುತ್ತೇನೆ ಅಮ್ಮಾ, ಎಂದಷ್ಟೇ ಹೇಳಿ ಹೊರಗೆ ಹೋದಳು. ಅದೇ ಹೊತ್ತಿಗೆ ಗಂಡನ ಕಡೆಯ ಮುದುಕರಿಬ್ಬರು ಹಬ್ಬದ ರೊಟ್ಟಿ ಮುರಿಯಲು ಬಂದು ಕೂತರು. ಅವರಿಗೆ ಸತ್ತವರ ಸುದ್ದಿ, ಕುದುರೆಗಳ ಸುದ್ದಿ, ಹುಲ್ಲಿನ ಸುದ್ದಿ ಎಲ್ಲ ಬೇಕು. ಬುರುಲ್ ಚಹಾ ಬಗ್ಗಿಸುತ್ತಿದ್ದಳು. ಬಟ್ಟಲು ತುಂಬಿ ಚೆಲ್ಲಿದ್ದು ಅವಳಿಗೆ ಗೊತ್ತಾಗಲಿಲ್ಲ. ಮುದುಕನೊಬ್ಬ "ಸಾಕು ಸೊಸೆ, ನಿಲ್ಲಿಸು" ಎಂದಾಗ ತನ್ನ ಕೈ ನೋಡಿಕೊಂಡಳು. ಮೇಲೆದ್ದು ಬಾಗಿಲಿಗೆ ಬಂದರೆ ಬೆರ್ಮೆತ್ ಓಡಲು ಹಾಕುವ ಬೂಟುಗಳು ಮೆಟ್ಟಿಲ ಮೇಲೇ ಇದ್ದವು. ಹಿತ್ತಲಲ್ಲಿ ಮೊಂಚದ ಕೊಳವೆಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು.

ಅವಳು ಓಡಿದಳು. ಕೆಸರಿನಲ್ಲಿ ಒಂದು ಚಪ್ಪಲಿ ಉಳಿಯಿತು. ಮೊಂಚದ ಬಾಗಿಲಿಗೆ ಒಳಗಿನಿಂದ ಕೊಂಡಿ ಹಾಕಿತ್ತು. ಕೂಗಿದಳು. ಇನ್ನೊಂದು ಸ್ವಲ್ಪ, ಎಂಬ ದನಿ ಬಂತು. ದನಿ ಬಂತಲ್ಲ ಎಂದು ಒಂದು ಗಳಿಗೆ ಜೀವ ಬಂತು. ಬಾಗಿಲು ತೆಗಿ, ಬೇರೆ ದಾರಿ ನೋಡೋಣ, ಎಂದಳು. ಬೇಡಿಕೊಂಡಳು, ಬೈದಳು. ಒಳಗಿನಿಂದ ಮತ್ತೆ ಏನೂ ಬರಲಿಲ್ಲ. ಒಲೆಯಲ್ಲಿ ಕೊಳ್ಳಿ ಸಿಡಿಯುವ ಸದ್ದು ಮಾತ್ರ.

ಬುರುಲ್ ಬೂದಿ ತೆಗೆಯುವ ಕಬ್ಬಿಣದ ಸಲಿಕೆಯನ್ನು ಬಾಗಿಲಿನ ಸಂದಿಗೆ ತುರುಕಿ ಮೈಯ ಭಾರವೆಲ್ಲ ಹಾಕಿದಳು. ಕೊಂಡಿ ಮರದ ಸಮೇತ ಕಿತ್ತು ಬಂತು. ಒಳಗಿನ ಕಾವು ಮುಖಕ್ಕೆ ಹೊಡೆಯಿತು. ಬೆರ್ಮೆತ್ ಮೇಲಿನ ಹಲಗೆಯ ಮೇಲೆ, ತಂದೆಯ ಕುರಿತೊಗಲಿನ ಕೋಟಿನೊಳಗೆ, ಗೋಡೆಗೊರಗಿ ಕೂತಿದ್ದಳು. ಕಣ್ಣುಗಳು ತೆರೆದಿದ್ದವು, ನೋಡುತ್ತಿರಲಿಲ್ಲ. ಮುಟ್ಟಿದರೆ ಹಣೆ ಕೆಂಡ. ಒಂದು ಹನಿ ಬೆವರಿಲ್ಲ.

ಹೇಗೆ ಎಳೆದು ತಂದಳೋ ಅವಳಿಗೇ ಗೊತ್ತಿಲ್ಲ. ಕೋಟು ಕಿತ್ತೆಸೆದು, ಪ್ಲಾಸ್ಟಿಕ್ ಹರಿದು, ಗೋಡೆಯ ನೆರಳಿನಲ್ಲಿ ಉಳಿದಿದ್ದ ಹಿಮವನ್ನು ಬೊಗಸೆಯಲ್ಲಿ ತುಂಬಿ ಕುತ್ತಿಗೆಗೆ, ಕಂಕುಳಿಗೆ ಒತ್ತಿದಳು. ಸದ್ದು ಕೇಳಿ ಸೊನುನ್ ಬೇಲಿ ದಾಟಿ ಬಂದಳು. ಈ ಸಲ ಅವಳ ಬಾಯಲ್ಲಿ ಕುಹಕ ಇರಲಿಲ್ಲ. ನೀರಿನ ಕೆಟಲ್ ಮತ್ತು ಬಟ್ಟಲು ತಂದಿಟ್ಟು, ಪಕ್ಕದೂರಿನ ದಾದಿಯನ್ನು ಕರೆತರಲೆಂದು ತನ್ನ ಮಗನ ಕಾರು ಹೊರಡಿಸಲು ಓಡಿದಳು.

ಸ್ವಲ್ಪ ಹೊತ್ತಿಗೆ ಬೆರ್ಮೆತ್‌ಳ ಕಣ್ಣಿನಲ್ಲಿ ಗುರುತು ಮೂಡಿತು. ಬುರುಲ್ ಬಟ್ಟಲನ್ನು ತುಟಿಗೆ ಹಿಡಿದಳು. ಹುಡುಗಿ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

"ಬೇಡ. ತೂಕ ಏರತ್ತೆ."

ಇಡೀ ದಿನದ ಹೆದರಿಕೆಯೆಲ್ಲ ಒಂದು ಕಡೆ, ಈ ಮಾತಿನ ಹೆದರಿಕೆ ಒಂದು ಕಡೆ. ಬಾಗಿಲು ಒಡೆಯಬಹುದಿತ್ತು. ಕಚ್ಚಿದ ಹಲ್ಲನ್ನು ಏನು ಮಾಡುವುದು? ಬುರುಲ್ ಬೆರಳು ತುರುಕಿ ಬಾಯಿ ತೆರೆಸಲು ನೋಡಿದಳು. ನೀರೆಲ್ಲ ಗಲ್ಲದ ಮೇಲೆ ಹರಿಯಿತು. ಅವಳು ಬಟ್ಟಲು ಕೆಳಗಿಟ್ಟು, ಮೊಂಚದ ಬಾಗಿಲ ಬಳಿ ಮಗಳು ಬಿಟ್ಟಿದ್ದ ಫೋನು ತೆಗೆದು, ತುರಾರ್‌ಗೆ ಕರೆ ಮಾಡಿದಳು.

"ತುರಾರ್, ನಾನು ಬೆರ್ಮೆತ್ ತಾಯಿ. ಐವತ್ತಮೂರರಿಂದ ಇವಳ ಹೆಸರು ತೆಗಿ. ಈಗಲೇ ತೆಗಿ."

ಅವನು ರೇಗಿದ. ಮೇಲಿನ ಐವತ್ತೇಳು ಕಿಲೋ ಗುಂಪಿನಲ್ಲಿ ಬಾಕ್ತಿಗುಲ್ ಇದ್ದಾಳೆ, ಇವಳನ್ನು ಮುರಿದು ಹಾಕುತ್ತಾಳೆ, ವರ್ಷದ ಶ್ರಮ ಮಣ್ಣುಪಾಲು, ನಿಮಗೇನು ಗೊತ್ತಾಗತ್ತೆ ಅಕ್ಕಾ, ಎಂದ.

"ಮುರಿದರೆ ಕಟ್ಟು ಹಾಕಿಸ್ತೀನಿ. ಈಗಷ್ಟೇ ಇವಳನ್ನ ಮೊಂಚದಿಂದ ಎಳ್ಕೊಂಡು ಬಂದಿದ್ದೀನಿ. ಅಯ್‌ಪೆರಿ ಮನೇಲಿ ನೀನೂ ಚಹಾ ಕುಡಿದು ಬಂದಿದ್ದೀಯಲ್ಲ. ನನ್ನ ಮನೇಲೂ ಕುಡಿಯೋ ಆಸೆ ಇದ್ಯಾ?"

ಅವನು ಇಳಿದ ದನಿಯಲ್ಲಿ, ಐವತ್ತೇಳಕ್ಕೆ ಬರೆಸುತ್ತೇನೆ ಎಂದ. ಮೊದಲು ನೀರು ಕುಡಿಸಿ, ಗುಟುಕು ಗುಟುಕಾಗಿ, ದಾದಿಗೆ ತೋರಿಸಿ, ಅವಳು ಒಪ್ಪದಿದ್ದರೆ ಕಾರು ಹತ್ತಿಸಬೇಡಿ, ಎಂದ.

ಬೆರ್ಮೆತ್ ಎಲ್ಲ ಕೇಳಿಸಿಕೊಂಡಿದ್ದಳು. ತಾಯಿಯ ಮುಖ ನೋಡದೆ, ಕೆಸರಿನ ಮೇಲೆ ಕಣ್ಣಿಟ್ಟು ಮಲಗಿದ್ದಳು. ಕಣ್ಣೀರು ಬರುವಷ್ಟು ನೀರೂ ಅವಳ ಮೈಯಲ್ಲಿ ಉಳಿದಿರಲಿಲ್ಲ. ನನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಇವಳು ಎಂದುಕೊಂಡಳು ಬುರುಲ್. ಕ್ಷಮಿಸದಿದ್ದರೆ ಬೇಡ, ಬದುಕಿದ್ದು ಕ್ಷಮಿಸದಿರಲಿ.

ಹುಡುಗಿಯ ಕೈ ಮೆಲ್ಲಗೆ ಬಟ್ಟಲಿನ ಕಡೆ ಹೋಯಿತು. ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ನಿಲ್ಲಿಸಿದಳು. ಇನ್ನೊಂದು ಗುಟುಕು. ಬಟ್ಟಲು ಬರಿದಾದ ಮೇಲೆ ಕೆಟಲ್ ಕಡೆ ಚಾಚಿದಳು. ಬುರುಲ್ ಬಗ್ಗಿಸಿದಳು, ಒಂದು ಹನಿ ಚೆಲ್ಲದ ಹಾಗೆ.

"ಬಾಕ್ತಿಗುಲ್ ಎಡಗಾಲು ಮುಂದಿಡ್ತಾಳೆ," ಎಂದಳು ಬೆರ್ಮೆತ್, ಒಣಗಿದ ಗಂಟಲಲ್ಲಿ. "ಯಾವಾಗ್ಲೂ ಎಡಗಾಲು."

"ಇಟ್ಕೊಳ್ಲಿ. ನೀನು ಕುಡಿ," ಎಂದಳು ಬುರುಲ್. ಬಾಕ್ತಿಗುಲ್ ಎಷ್ಟು ದಪ್ಪ ಇದ್ದಾಳೋ, ಅವಳ ಕೈ ಎಷ್ಟು ಭಾರವೋ ಎಂಬ ಹೊಸ ಹೆದರಿಕೆ ಆಗಲೇ ಅವಳಿಗೆ ಹತ್ತಿಕೊಳ್ಳತೊಡಗಿತ್ತು.