ಮೂಕಮ್ಮನ ಪಾಲಿನ ಪ್ರಸಾದ

ನಾರಾ ಎಂಬ ಊರಿಗೆ ಬಂದು ಮಧ್ಯಾಹ್ನವಾಗುವಷ್ಟರಲ್ಲಿ ನನಗೆ ಜಪಾನ್ ಸಾಕಾಗಿತ್ತು. ಕುಬಟೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಹಳೇ ಗುಡಿಯಿದೆ. ವರ್ಷಕ್ಕೊಮ್ಮೆ ಒಳಗೆ ಹೋದರೆ ಹೆಚ್ಚು. ಅಂಥ ನನ್ನನ್ನು ಅಳಿಯ ಹೇಮಂತ್ ಪ್ಯಾಕೇಜ್ ಟೂರಿಗೆ ಹತ್ತಿಸಿ, ಮಂಡಿ ಸವೆದ ಮೇಲೆ ಪರದೇಶದ ಗುಡಿ ಸುತ್ತಲು ಕಳಿಸಿದ್ದ. ನಾಳೆ ಬೆಳಿಗ್ಗೆ ಊರಿನ ವಿಮಾನ ಎನ್ನುವುದೊಂದೇ ಸಮಾಧಾನ.

ಟಿಕೆಟ್ ತೆಗೆದು ಒಳಗೆ ಹೋದರೆ, ದೊಡ್ಡ ಬುದ್ಧನ ಗುಡಿಯ ಬಾಗಿಲ ಪಕ್ಕ ಕೆಂಪು ಟೋಪಿ ಹಾಕಿದ ಮರದ ಮೂರ್ತಿಯೊಂದು ಕೂತಿತ್ತು. ಟೂರಿನ ಗೈಡ್ ತೀರ್ಥೇಶ್, ಶಿಕಾರಿಪುರದವನು, ವಿವರಿಸಿದ: “ಇವ್ರು ರೋಗ ವಾಸಿ ಮಾಡೋ ಸನ್ಯಾಸಿ ಅಂತ್ರಿ. ನಿಮ್ಗೆ ಎಲ್ಲಿ ನೋವೈತೋ ಮೂರ್ತೀನ ಅಲ್ಲಿ ಮುಟ್ಟಿ, ಆಮೇಲೆ ನಿಮ್ ಮೈ ಮುಟ್ಕೊಳ್ರಿ.”

ನನ್ನ ಹೆಂಡತಿ ಗುಡ್ಡಮ್ಮ ಹಿಂದುಮುಂದು ನೋಡಿದಳು. ಪೂಜಾರಿಯಲ್ಲದವರು ದೇವರ ಮೈ ಮುಟ್ಟುವುದು ನಮ್ಮ ಗುಡಿಯಲ್ಲಿ ಇಲ್ಲ. ಆಮೇಲೆ ಬಗ್ಗಿ, ಮೂರ್ತಿಯ ಎರಡೂ ಕಾಲನ್ನು ಬಲಗೈಯಿಂದ ಸವರಿದಳು. ತನ್ನನ್ನು ಮುಟ್ಟಿಕೊಳ್ಳದೆ ಮುಷ್ಟಿ ಮುಚ್ಚಿ ಸೆರಗಿನಲ್ಲಿ ಸುತ್ತಿಕೊಂಡಳು.

“ಇದೇನೇ?”

“ಅಕ್ಕಂಗೆ. ಇಲ್ಲಿ ಪ್ರಸಾದ ಕೊಡಲ್ಲ. ಬರಕ್ಕಾಗ್ದೋರ ಮನೀಗೆ ಬರಿಗೈಲಿ ಹೋಗೋದ್ ಹೆಂಗ್ರೀ?”

ಅವಳ ಅಕ್ಕ ಮೂಕಮ್ಮ ಲಕ್ವ ಹೊಡೆದು ಉಡುತಡಿಯಲ್ಲಿ ಮಲಗಿದ್ದಾಳೆ. ತಾಯಿಯಿಲ್ಲದ ಗುಡ್ಡಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಡಾಕ್ಟರು ಕೈಚೆಲ್ಲಿದ್ದಾರೆ. “ಹಿತ್ತಲ ಗಿಡ ಮದ್ದಲ್ಲ ಅಂತ ಇಲ್ಲೀತನಕ ಬಂದ್ಯಾ?” ಎಂದು ಅಣಕಿಸಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಉಡುತಡಿ ಮುಟ್ಟುವವರೆಗೆ ಆ ಕೈ ತೊಳೆಯುವಂತಿಲ್ಲ, ಬೇರೇನನ್ನೂ ಮುಟ್ಟುವಂತಿಲ್ಲ.

ಎಡಗೈಯಲ್ಲಿ ಉಣ್ಣುವ ಹಾಗೂ ಇಲ್ಲವಲ್ಲ. ಜಿಂಕೆಗಳ ಪಾರ್ಕಿನ ಹುಲ್ಲಿನ ಮೇಲೆ ಕೂತು, ಟೂರಿನವರೆಲ್ಲ ನೋಡುತ್ತಿರುವಾಗ, ಡಬ್ಬಿಯ ಚಿತ್ರಾನ್ನವನ್ನು ನಾನೇ ಅವಳಿಗೆ ತಿನ್ನಿಸಬೇಕಾಯಿತು. ನಾಚಿಕೆಯಾಯಿತು, ಸಿಟ್ಟೂ ಬಂತು. ಬ್ಯಾಗು, ಛತ್ರಿ, ನೀರಿನ ಬಾಟಲಿ ಎಲ್ಲ ನನ್ನ ಹೆಗಲಿಗೇ.

ಬಸ್ಸಿಗೆ ಹೊರಟು ಮೆಟ್ಟಿಲಿಳಿಯುವಾಗ, ಚಿತ್ರಾನ್ನದ ವಾಸನೆ ಹಿಡಿದ ಜಿಂಕೆಯೊಂದು ಹಿಂದಿನಿಂದ ಬ್ಯಾಗು ಎಳೆಯಿತು. ನನ್ನ ಮಂಡಿ ಕುಸಿಯಿತು. ಮುಗ್ಗರಿಸಿದವನ ತೋಳನ್ನು ಯಾರೋ ಗಟ್ಟಿಯಾಗಿ ಹಿಡಿದರು. ನೋಡಿದರೆ ಗುಡ್ಡಮ್ಮ, ಬಲಗೈಯಲ್ಲಿ.

ಅವಳು ತನ್ನ ಅಂಗೈ ನೋಡಿಕೊಂಡಳು. “ಅಕ್ಕಂದು ನಿಮ್ಗೇ ಹೋತು,” ಎಂದಳು. ಬೈಯಲಿಲ್ಲ, ಅಳಲೂ ಇಲ್ಲ. “ಹೋಗ್ಲಿ ಬಿಡ್ರಿ, ನೀವು ಬೀಳ್ಲಿಲ್ಲಲ್ಲ. ವಾಪಸ್ ಗುಡೀತನಕ ಅಷ್ಟು ದೂರ ನಡಿಯಾಕೆ ನನ್ ಕೈಲಾಗಲ್ಲ.” ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಷ್ಟು ದಣಿದ ಮುಖವನ್ನು ನಾನು ನೋಡಿರಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಬ್ಯಾಗನ್ನು ಅವಳ ಪಕ್ಕದಲ್ಲಿಟ್ಟೆ.

“ಬಸ್ಸಿಗೆ ಟೈಮಾತ್ರೀ,” ಎಂದ ತೀರ್ಥೇಶ್.

“ನಿಲ್ಸು, ಬರ್ತೀನಿ,” ಎಂದು ಹಿಂದಕ್ಕೆ ನಡೆದೆ.

ಮತ್ತೆ ಟಿಕೆಟ್ ತೆಗೆದು ಮೂರ್ತಿಯ ಮುಂದೆ ನಿಂತಾಗ ಮಂಡಿ ಕಿತ್ತುಬರುತ್ತಿತ್ತು. ಅದರ ಕಾಲು ಸವರಿದೆ. ಕೈ ತಾನಾಗಿ ನನ್ನ ಮಂಡಿಯತ್ತ ಹೊರಟಿತು. ತಡೆದು ಮುಷ್ಟಿ ಮುಚ್ಚಿದೆ.

ಬಸ್ಸಿನಲ್ಲಿ ಎಲ್ಲರೂ ಗೊಣಗುತ್ತಿದ್ದರು. ಗುಡ್ಡಮ್ಮನ ಪಕ್ಕ ಕೂತು, ಟವೆಲ್ಲಿನಲ್ಲಿ ಸುತ್ತಿದ ಕೈ ತೋರಿಸಿದೆ. ಅವಳು ಉಳಿದ ಚಿತ್ರಾನ್ನದ ಡಬ್ಬಿ ತೆಗೆದು, “ಬಾಯಿ ತೆಗೀರಿ,” ಎಂದಳು.