ಎಡಗಡೆಯ ಮಂಕು ದೀಪ

ತೋಮೆಯ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಆಸ್ಪತ್ರೆಯ ಅಂಗಳದ ಕಾರುಗಳೆಲ್ಲ ವೈಪರುಗಳನ್ನು ಮೇಲೆತ್ತಿಕೊಂಡು, ಕೈಯೆತ್ತಿ ಶರಣಾದವರ ಹಾಗೆ ಹಿಮದಲ್ಲಿ ನಿಂತಿದ್ದವು. ಕಿನುಯೋ ತನ್ನ ಕಾರಿನ ಹಿಮ ಕೊಡವಿ ತೋಮೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿದಳು. ತೋಮೆ ಅವಳ ಗಂಡನ ಅಕ್ಕ, ಎಪ್ಪತ್ತೆಂಟರ ಮುದುಕಿ. ಗಂಡ ಯಾಸುಜಿ ಹೋಗಿ ನಾಲ್ಕು ಚಳಿಗಾಲವಾಗಿತ್ತು. ಅಂದಿನಿಂದ ವಾರಕ್ಕೆ ಮೂರು ಸಲ ಅತ್ತಿಗೆಯನ್ನು ಆಸ್ಪತ್ರೆಗೆ ಕರೆತರುವುದು ಕಿನುಯೋಳ ಪಾಲಿಗೆ ಬಂದಿತ್ತು.

"ಗಾಳಿ ಜೋರಾಗಿದೆ ಅತ್ತಿಗೆ. ಸ್ವಲ್ಪ ಕಾದು ಹೊರಡೋಣ್ವಾ?"

"ನಾಲ್ಕು ಗಂಟೆ ಸೂಜಿ ಚುಚ್ಚಿಸ್ಕೊಂಡು ಮಲಗಿದ್ದು ಸಾಲ್ದಾ? ನಡಿ, ನಡಿ." ತೋಮೆ ಚೀಲದಿಂದ ಕಿತ್ತಳೆ ತೆಗೆದಳು.

"ಅದನ್ನ ತಿನ್ಬೇಡಿ ಅಂದಿದಾರೆ ಡಾಕ್ಟ್ರು."

"ಡಾಕ್ಟ್ರು ಹಿಂದಿನ ಸೀಟಲ್ಲಿ ಕೂತಿದಾರಾ?"

ಹಿಂದಿನ ಸೀಟಿನಲ್ಲಿದ್ದದ್ದು ಒಂದು ಸಲಿಕೆ, ಕಾರು ಎಳೆಯುವ ಹಗ್ಗ, ಅಷ್ಟೆ. ಸಲಿಕೆ ಯಾಸುಜಿಯದು. ಹಿಮದಲ್ಲಿ ಹೂತ ಕಾರಿನಲ್ಲಿ ಇಂಜಿನ್ ಓಡಿಸಿಕೊಂಡು ಕೂತಿದ್ದಾಗ ಕಾರಿನ ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಹೋಗಿ, ವಿಷದ ಹೊಗೆ ಒಳಗೇ ತುಂಬಿಕೊಂಡು ಅವನು ಸತ್ತಿದ್ದ. ಬೆಳಿಗ್ಗೆ ಸಿಕ್ಕಾಗ ಸಲಿಕೆಗೆ ಒಂದು ಚೂರು ಹಿಮವೂ ಅಂಟಿರಲಿಲ್ಲ. ಯಾಕೆ ಇಳಿಯಲಿಲ್ಲ ಅವನು ಎಂದು ಊರೇ ಕೇಳಿತ್ತು. ಉತ್ತರ ಗೊತ್ತಿದ್ದವಳು ಕಿನುಯೋ ಒಬ್ಬಳೇ.

ಊರು ದಾಟಿ ಇಳಿಜಾರು ಬಂದಾಗ ಅವಳು ಆಟೊಮ್ಯಾಟಿಕ್ ಗೇರಿನ ಹಿಡಿಯನ್ನು ಮಾಮೂಲಿ ಓಟದ ‘ಡಿ’ಯಿಂದ ನಿಧಾನದ ‘ಎರಡ’ಕ್ಕೆ ಎಳೆದಳು. ಇಳಿಜಾರಿನಲ್ಲಿ ಬ್ರೇಕನ್ನು ನಂಬಬೇಡ, ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತೆ ಎಂದು ಯಾಸುಜಿ ಹೇಳಿಕೊಟ್ಟಿದ್ದ. ಕಾರು ನರಳುತ್ತ, ಜಾರದೆ ಇಳಿಯಿತು. ಗಾಳಿ ತಡೆಯುವ ಮರಗಳ ಸಾಲು ಮುಗಿದು ಬಯಲು ಶುರುವಾದದ್ದೇ ತಡ, ಲೋಕವೆಲ್ಲ ಬೆಳ್ಳಗಾಯಿತು. ರಸ್ತೆಯ ಅಂಚು ತೋರಿಸಲು ಕಂಬಗಳಿಂದ ಇಳಿಬಿದ್ದಿರುವ ಕೆಂಪು ಬಾಣದ ಗುರುತುಗಳೂ ಕಾಣದಾದವು.

ಅಷ್ಟರಲ್ಲಿ ಮುಂದೆ ಎರಡು ಕೆಂಪು ದೀಪಗಳು ಕಂಡವು.

"ಯಾರೋ ಇದಾರೆ. ಅವರ ಬೆನ್ನು ಹತ್ತು," ಅಂದಳು ತೋಮೆ.

ಆ ಕಡೆಯವರೆಲ್ಲ ಮಾಡುವ ತಪ್ಪು ಅದು. ಮುಂದಿನವನು ಹಳ್ಳಕ್ಕೆ ಬಿದ್ದರೆ ಹಿಂದೆ ಐದು ಕಾರು ಸಾಲಾಗಿ ಬೀಳುತ್ತವೆಂದು ಗೊತ್ತಿದ್ದೂ, ಬಿಳುಪಿನ ನಡುವೆ ಕೆಂಪು ಕಂಡರೆ ಯಾರಿಗೂ ತಡೆಯಲಾಗುವುದಿಲ್ಲ. ಕಿನುಯೋ ಬ್ರೇಕಿನ ಮೇಲಿನ ಕಾಲು ಸಡಿಲಿಸಿದಳು. ಆಕ್ಸಿಲರೇಟರ್ ಮುಟ್ಟದಿದ್ದರೂ ಕಾರು ತಾನೇ ತೆವಳುತ್ತ, ಕರೆದ ಕಡೆ ಹೋಗುವ ದನದ ಹಾಗೆ, ದೀಪಗಳ ಹಿಂದೆ ಹೊರಟಿತು. ಎಡಗಡೆಯ ದೀಪ ಮಂಕಾಗಿತ್ತು. ಯಾಸುಜಿಯ ಕಾರಿನದೂ ಹಾಗೇ ಇತ್ತು. ನಾಳೆ ಬಲ್ಬು ಬದಲಾಯಿಸುತ್ತೇನೆ ಎನ್ನುತ್ತಲೇ ಇದ್ದ.

ದೀಪಗಳು ನಿಂತವು. ಅವಳೂ ನಿಲ್ಲಿಸಿದಳು. ಮತ್ತೆ ಹೊರಡಲು ನೋಡಿದರೆ ಚಕ್ರ ಇದ್ದಲ್ಲೇ ತಿರುಗಿತು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ ಗೇರ್ ಹಾಕಿ ತೂಗಿದಳು. ಕಾರು ಇನ್ನಷ್ಟು ಹೂತು ಒಂದು ಪಕ್ಕಕ್ಕೆ ವಾಲಿತು. ಗಾಳಿ ಒಂದು ಗಳಿಗೆ ಬಿಡುವು ಕೊಟ್ಟಾಗ, ಮುಚ್ಚಿಹೋದ ಡೇರಿಯ, ಮೇವು ತುಂಬಿಡುವ ಹಳೇ ಗೋಪುರ ಪಕ್ಕದಲ್ಲೇ ಕಂಡಿತು. ಯಾಸುಜಿ ಸಿಕ್ಕಿದ್ದು ಇಲ್ಲೇ.

ರಸ್ತೆ ಇಲಾಖೆಗೆ ಫೋನ್ ಮಾಡಿದಳು. ಹಿಮ ತಳ್ಳುವ ಗಾಡಿ ಬರಲು ಒಂದು ಗಂಟೆಯಾದರೂ ಬೇಕು, ಕಾರಿನಲ್ಲೇ ಇರಿ ಎಂದು ಆ ಕಡೆಯ ದನಿ ಹೇಳಿತು.

ಕಾರಿನಲ್ಲೇ ಇರಿ. ಇಂಜಿನ್ ಆರಿಸಿದರೆ ರಕ್ತ ಸೋಸಿಸಿಕೊಂಡು ಬಂದ ಈ ಜೀವ ಚಳಿಗೆ ಉಳಿಯುವುದಿಲ್ಲ. ಓಡಿಸಿದರೆ ಹತ್ತು ಹತ್ತು ನಿಮಿಷಕ್ಕೆ ಇಳಿದು ಕೊಳವೆಯ ಹಿಮ ತೆಗೆಯಬೇಕು. ಕಿನುಯೋ ಬಾಗಿಲ ಮೇಲಿಟ್ಟ ಕೈ ಅದನ್ನು ತೆಗೆಯಲೊಲ್ಲದು.

"ಕೂತೇ ಇದೀಯಲ್ಲೇ! ಇಳಿ."

"ಅತ್ತಿಗೆ... ಅವತ್ತು ಅವರು ನಂಗೆ ಫೋನ್ ಮಾಡಿದ್ರು. ಇಳಿದು ಹಿಮ ತೆಗೀತೀನಿ ಅಂದ್ರು. ನಾನೇ ಬೇಡ ಅಂದೆ. ದಾರಿ ತಪ್ತೀರಿ, ಒಳಗೇ ಕೂತಿರಿ ಅಂದೆ. ಅವರು ಹೂಂ ಅಂದ್ರು."

ತೋಮೆಯ ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ ಹಾಗೇ ಉಳಿಯಿತು. ಅವಳು ಕಿನುಯೋಳ ಮುಖ ನೋಡಲಿಲ್ಲ.

"ನಾಲ್ಕು ವರ್ಷ," ಅಂದಳು ಕೊನೆಗೆ. "ಇದನ್ನ ಬಾಯೊಳಗಿಟ್ಕೊಂಡು ನನ್ನ ಪಕ್ಕದಲ್ಲೇ ಕೂತು ಕಾರು ಓಡಿಸ್ದೆ."

"ಹೂಂ."

ಹಿಮ ಕಿಟಕಿಗೆ ಬಡಿಯುತ್ತಿತ್ತು. ತೋಮೆ ಗಡಿಯಾರ ನೋಡಿದಳು. "ಹತ್ತು ನಿಮಿಷ ಆಯ್ತು. ಆ ಹಗ್ಗ ಸೊಂಟಕ್ಕೆ ಕಟ್ಕೋ. ಇನ್ನೊಂದು ತುದಿ ಇಲ್ಲಿ ಕೊಡು."

ಕಿಟಕಿಯ ಸಂದಿಯಿಂದ ಹಗ್ಗ ಹೊರಬಿತ್ತು. ಕಿನುಯೋ ಕಾರನ್ನು ತಡವಿಕೊಂಡು ಹಿಂದಕ್ಕೆ ಹೋಗಿ, ಯಾಸುಜಿಯ ಸಲಿಕೆಯಿಂದ ಕೊಳವೆ ಬಿಡಿಸಿ ಬಂದಳು. ಹತ್ತು ನಿಮಿಷಕ್ಕೆ ಮತ್ತೊಮ್ಮೆ. ಮೂರನೆಯ ಸಲ ತಲೆಯೆತ್ತಿದಾಗ ಆ ಕೆಂಪು ದೀಪಗಳು ಹತ್ತು ಹೆಜ್ಜೆ ದೂರದಲ್ಲಿದ್ದವು. ಅವುಗಳ ಕೆಳಗೆ ಕೊಳವೆಯಿರಬೇಕಾದ ಜಾಗದಲ್ಲಿ ಹಿಮ ಗುಡ್ಡೆ ಬಿದ್ದಿತ್ತು. ಸಲಿಕೆ ಹಿಡಿದೇ ಅವಳು ಆ ಕಡೆ ನಡೆದಳು. ಒಂದು ಹೆಜ್ಜೆ, ಐದು ಹೆಜ್ಜೆ.

ಸೊಂಟದ ಹಗ್ಗ ಹಿಂದಕ್ಕೆ ಜಗ್ಗಿತು.

"ಎಲ್ಲಿಗೆ ಹೊರಟೆ?" ಗಾಳಿಯ ನಡುವೆ ತೋಮೆಯ ಕೂಗು.

"ಅವರದ್ದು ಮುಚ್ಚಿಹೋಗಿದೆ ಅತ್ತಿಗೆ!"

"ನಂಗೂ ಕಾಣ್ತಿದೆ. ಎಡಗಡೇದು ಮಂಕು." ಹಗ್ಗ ಇನ್ನೊಮ್ಮೆ ಜಗ್ಗಿತು, ಈ ಸಲ ಬಲವಾಗಿ. "ಅವನದ್ದು ಇನ್ನು ತೆಗೆಯೋಕಾಗಲ್ಲ. ಬಾ. ನಮ್ಮದು ತೆಗಿ."

ಕಿನುಯೋ ಅಲ್ಲೇ ನಿಂತು, ಅತ್ತು, ಹಿಂದಿರುಗಿ ತಮ್ಮ ಕೊಳವೆ ಬಿಡಿಸಿದಳು.

ಕತ್ತಲಾಗುವ ಹೊತ್ತಿಗೆ ಹಿಮ ತಳ್ಳುವ ಗಾಡಿ ಹಿಂದಿನಿಂದ ಬಂತು. ಅದರ ಚಾಲಕ ಟಾರ್ಚು ಬಿಟ್ಟು ನೋಡಿದ. "ರಸ್ತೆ ಬಿಟ್ಟು ಹೊಲದೊಳಕ್ಕೆ ಹೆಂಗೆ ಬಂದ್ರಮ್ಮ? ಮುಂದೆ ಒಂದು ಚಕ್ರದ ಗುರುತೂ ಇಲ್ವಲ್ಲ!"

ಕಿನುಯೋ ಸೊಂಟದ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟಳು; ಅದರಿಂದಲೇ ಅವನು ಕಾರನ್ನು ರಸ್ತೆಗೆ ಎಳೆದ. ಮನೆಯ ಬಾಗಿಲಲ್ಲಿ ಇಳಿಯುವಾಗ ತೋಮೆ ಕಿನುಯೋಳ ಮುಖವನ್ನು ಆವತ್ತು ಮೊದಲ ಸಲ ನೇರವಾಗಿ ನೋಡಿದಳು. ಹಗ್ಗ ತಿಕ್ಕಿ ತೋಮೆಯ ಅಂಗೈ ಕೆಂಪಾಗಿತ್ತು.

"ಕ್ಷಮಿಸ್ದೆ ಅಂತ ಅಂದ್ಕೋಬೇಡ," ಅಂದಳು. "ನಾಡಿದ್ದು ಎಂಟು ಗಂಟೆಗೆ ಬಾ. ಹಗ್ಗ ಕಾರಲ್ಲೇ ಇರ್ಲಿ."