ಎಲ್ಡಾಳ ಗಂಟೆ

ಭಾನುವಾರ ಊಟವಾದ ಮೇಲೆ ಹಳೆಯ ನೆರೆಯವ ಆರ್ವಿಲ್‌ಗೆ ಫೋನು ಮಾಡುವುದು ವರ್ನಾಳಿಗೆ ಚರ್ಚಿಗೆ ಹೋದಷ್ಟೇ ಖಾಯಂ ಆಗಿತ್ತು. ಅವಳು ಲಿಂಕನ್ ಪಟ್ಟಣದಲ್ಲಿ ಮಗಳು ಮಾರ್ಲೀನ್ ಮನೆಯಲ್ಲಿ, ಅವನು ಅಷ್ಟು ದೂರದ ಅರಿಜೋನಾದಲ್ಲಿ ಮಗ ಡೇಲ್ ಮನೆಯಲ್ಲಿ. ಮಾತು ಎಲ್ಲಿ ಶುರುವಾದರೂ ಬಂದು ನಿಲ್ಲುತ್ತಿದ್ದದ್ದು ಹಿಂದೆ ಇಬ್ಬರೂ ಬಾಳಿದ್ದ ಪ್ಲಮ್ ಹಳ್ಳದ ರಸ್ತೆಯಲ್ಲೇ. ಆ ರಸ್ತೆಯ ಎಂಟು ಮನೆಗಳವರಲ್ಲಿ ಈಗ ಉಳಿದವರು ಇವರಿಬ್ಬರೇ.

ಚಳಿಗಾಲ ಮುಗಿಯುವ ಹೊತ್ತಿಗೆ ಆರ್ವಿಲ್‌ಗೆ ಲಕ್ವ ಹೊಡೆಯಿತು. ಮಾತು ಬಿದ್ದುಹೋಯಿತು.

"ಇನ್ಮೇಲೆ ಫೋನು ಬೇಡ ಆಂಟಿ," ಎಂದ ಡೇಲ್. "ಅಪ್ಪ ನಮ್ಮನ್ನ ಗುರುತು ಹಿಡೀತಾರೋ ಇಲ್ವೋ ಅನ್ನೋದೇ ಗೊತ್ತಾಗ್ತಿಲ್ಲ. ಕಿವಿ ಹತ್ರ ಹಿಡಿದ್ರೆ ಮುಖ ತಿರುಗಿಸ್ತಾರೆ."

"ಒಂದ್ಸಲ ಹಿಡಿಯಪ್ಪ. ನಾನು ಅಂತ ಹೇಳು."

ಡೇಲ್ ಹಿಡಿದ. ವರ್ನಾ ಸಿದ್ಧವಾಗಿಯೇ ಕೂತಿದ್ದಳು. ತಲೆಯ ಮೇಲೆ ಎರಡು ಗಂಟೆ ಹೊತ್ತ ತನ್ನ ಹಳೆಯ ಅಲಾರಂ ಗಡಿಯಾರವನ್ನು ಫೋನಿನ ಹತ್ತಿರ ತಂದು, ಗುಂಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಎರಡು ಉದ್ದ ಒಂದು ಗಿಡ್ಡ ಬಾರಿಸಿದಳು. ಅದು ಆ ಕಾಲದಲ್ಲಿ ಆರ್ವಿಲ್ ಮನೆಯ ಫೋನಿನ ಗಂಟೆ. ಅತ್ತಲಿಂದ ಏನೋ ಬಿದ್ದ ಸದ್ದು, ಆಮೇಲೆ ಡೇಲ್‌ನ ದನಿ. "ಫೋನನ್ನೇ ತಳ್ಳಿಬಿಟ್ರು ಆಂಟಿ. ಕಣ್ಣಲ್ಲಿ ನೀರು ಬಂತು. ಸಾಕು, ಬೇಡ."

ಆ ವಾರವೆಲ್ಲ ವರ್ನಾಳಿಗೆ ಕೂತರೂ ಎದ್ದರೂ ಅದೇ ಯೋಚನೆ. ಅವನು ಇನ್ನೂ ಆ ದೇಹದ ಒಳಗೆ ಇದ್ದಾನೋ, ಇಲ್ಲವೋ? ಇಲ್ಲವೆಂದಾದರೆ ಆ ರಸ್ತೆಯನ್ನು ಬಲ್ಲವರು ಲೋಕದಲ್ಲಿ ಅವಳೊಬ್ಬಳೇ ಎಂದಾಯಿತು. ಕನಸಿನಲ್ಲಿ ಕಂಡದ್ದನ್ನೂ ನಿಜವಾಗಿ ನಡೆದದ್ದನ್ನೂ ಬೇರೆ ಮಾಡಿ ಹೇಳುವವರು ಇನ್ನು ಯಾರೂ ಇಲ್ಲ.

ಅವಳು ಮದುವೆಯಾಗಿ ಆ ರಸ್ತೆಗೆ ಬಂದಾಗ ಎಂಟೂ ಮನೆಗೆ ಸೇರಿ ಟೆಲಿಫೋನಿನ ತಂತಿ ಒಂದೇ. ಗೋಡೆಯ ಮೇಲೆ ಮರದ ಪೆಟ್ಟಿಗೆ, ಪಕ್ಕದಲ್ಲಿ ತಿರುಗಿಸುವ ಹಿಡಿ. ಯಾರಿಗೆ ಕರೆ ಬಂದರೂ ಎಲ್ಲ ಮನೆಯಲ್ಲೂ ಗಂಟೆ ಬಾರಿಸುತ್ತಿತ್ತು. ಉದ್ದವೆಷ್ಟು ಗಿಡ್ಡವೆಷ್ಟು ಎಂದು ಕೇಳಿ ಯಾರ ಮನೆಯದೆಂದು ತಿಳಿಯಬೇಕು. ಒಂದು ಉದ್ದ, ಮೂರು ಗಿಡ್ಡವಾದರೆ ಎಲ್ಡಾಳ ಮನೆಗೆ. ಎಲ್ಡಾಳ ಗಂಟೆ ಕೇಳಿದರೆ ವರ್ನಾ ಹಿಡಿದ ಕೆಲಸ ಬಿಟ್ಟು, ಕೈ ಒರೆಸಿಕೊಂಡು, ರಿಸೀವರನ್ನು ಕೋಳಿಯ ಅಡಿಯಿಂದ ಮೊಟ್ಟೆ ತೆಗೆದಷ್ಟು ಮೆಲ್ಲಗೆ ಎತ್ತುತ್ತಿದ್ದಳು. ಉಳಿದವರೂ ಎತ್ತುತ್ತಿದ್ದರು. ಎಲ್ಡಾ ಮತ್ತು ಅವಳ ಗೆಳತಿ ಫ್ಲಾಸಿಯ ಮಾತೆಂದರೆ ಹಾಗೆ. ರೇಡಿಯೋದಲ್ಲಿ ಹೇಳಿಕೊಟ್ಟ ಹೊಸ ತಿಂಡಿ, ಹಳ್ಳದಾಚೆಯವರ ಜಗಳ, ಶನಿವಾರದ ಕುಣಿತದಲ್ಲಿ ಯಾರ ಹುಡುಗಿ ಯಾರ ಕಾರು ಹತ್ತಿದಳು, ಎಲ್ಲವೂ ಬರುತ್ತಿತ್ತು. ಕದ್ದು ಕೇಳುವುದು ಎಂದು ಅದಕ್ಕೆ ಯಾರೂ ಹೆಸರಿಡಲಿಲ್ಲ. ಉಸಿರು ಬಿಗಿಹಿಡಿದು ನಿಂತವರನ್ನು ಅವರ ಮನೆಯ ಸದ್ದಿನಿಂದಲೇ ಗುರುತಿಸುತ್ತಿದ್ದರು. ಕ್ರೌಸ್ ಮನೆಯದು ಗೋಡೆ ಗಡಿಯಾರದ ಟಿಕ್ ಟಿಕ್. ವರ್ನಾಳದು ಕೆಟಲಿನ ಸೀಟಿ. ಯಾರದೋ ರೇಡಿಯೋದ ಬ್ಯಾಟರಿ ಸತ್ತರೆ ಇನ್ಯಾರೋ ತಮ್ಮ ರೇಡಿಯೋದ ಮುಂದೆ ರಿಸೀವರ್ ಇಟ್ಟು ಬೇಸ್‌ಬಾಲ್ ಆಟ ಕೇಳಿಸುತ್ತಿದ್ದರು.

ಹೆಚ್ಚು ಜನ ಎತ್ತಿದಷ್ಟೂ ದನಿ ಕುಗ್ಗುತ್ತಿತ್ತು. ಆಗ ಎಲ್ಡಾ ಕೂಗುವಳು: "ಆರ್ವಿಲ್, ಇಳಿಸಯ್ಯ ಫೋನು!" ಆರ್ವಿಲ್ ಬಾಯಲ್ಲಿದ್ದ ಹೊಗೆಸೊಪ್ಪಿನ ಪೈಪನ್ನು ತೆಗೆದು ಪೆಟ್ಟಿಗೆಗೆ ಒಮ್ಮೆ 'ಟಕ್' ಎಂದು ಬಡಿಯುತ್ತಿದ್ದ, ಫೋನು ಇಳಿಸಿದ ಸದ್ದಿನ ಹಾಗೆ. ಇಳಿಸುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಶುಕ್ರವಾರ ಸಂಜೆ ವರ್ನಾ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದಳು. ಹೊರಕೋಣೆಯಲ್ಲಿ ಮಾರ್ಲೀನ್ ಯಾರೊಂದಿಗೋ ಫೋನಿನಲ್ಲಿ ಚರ್ಚಿನ ಅಡುಗೆಯ ಪಾಳಿಯ ಮಾತಾಡುತ್ತಿದ್ದಳು. ಮಾತು ಯಾರದೋ ಸೊಸೆಯ ಕಡೆಗೆ ಹೊರಳಿತು. ವರ್ನಾಳ ಕೈಯ ಚಾಕು ತಾನಾಗಿ ನಿಂತಿತು, ಉಸಿರೂ ನಿಂತಿತು.

"ಅಮ್ಮಾ, ಕೇಳಿಸ್ಕೊಳ್ತಿದೀಯಾ?"

"ಯಾರು? ನಾನಾ? ಆಲೂಗಡ್ಡೆ ಹೆರೀತಿದೀನಿ ಕಣೇ."

"ಸದ್ದೇ ಇಲ್ವಲ್ಲ! ಅದಕ್ಕೇ ಗೊತ್ತಾಯ್ತು."

ಮಾರ್ಲೀನ್ ನಕ್ಕಳು. ವರ್ನಾ ನಗಲಿಲ್ಲ. ಚಾಕು ಹಿಡಿದುಕೊಂಡೇ ನಿಂತಿದ್ದಳು.

ತನ್ನ ಗಂಟೆ ಬಾರಿಸಿದರೆ ಮನುಷ್ಯ ಮಾತಾಡಬೇಕು. 'ಹಲೋ' ಎನ್ನಬೇಕು. ಮಾತು ಬಿದ್ದುಹೋದವನಿಗೆ ತಾನು ಅವನದೇ ಗಂಟೆ ಬಾರಿಸಿ, ಬಾ ಮಾತಾಡು ಎಂದು ಕರೆದಿದ್ದಳು. ತಳ್ಳದೆ ಏನು ಮಾಡುತ್ತಾನೆ? ಬೇರೆಯವರ ಗಂಟೆಯಾಗಿದ್ದರೆ ಯಾರೂ ಮಾತಾಡಬೇಕಾಗಿರಲಿಲ್ಲ. ಎತ್ತಿಕೊಂಡು ಸುಮ್ಮನೆ ನಿಂತರೆ ಆಯಿತು.

ಭಾನುವಾರ ಡೇಲ್ ಒಪ್ಪುವ ಹಾಗಿರಲಿಲ್ಲ. "ಅವರಿಗೆ ಹಿಂಸೆ ಆಗತ್ತೆ ಆಂಟಿ."

"ಕಿವಿಗೆ ಹಿಡೀಬೇಡ. ಫೋನಿನ ದನಿ ದೊಡ್ಡದು ಮಾಡಿ ದಿಂಬಿನ ಪಕ್ಕ ಇಟ್ಟು ನೀನು ಕಾಫಿ ಕುಡಿಯೋಕೆ ಹೋಗು. ಅವನು ಮುಖ ತಿರುಗಿಸಿದ್ರೆ ಇದೇ ಕೊನೆ. ಮತ್ತೆ ಮಾಡಲ್ಲ."

"ಇದೊಂದೇ ಸಲ," ಎಂದ ಡೇಲ್. ಆಮೇಲೆ ದಿಂಬಿನ ಪಕ್ಕ ಫೋನು ಇಟ್ಟ ಸದ್ದು, ದೂರವಾಗುವ ಹೆಜ್ಜೆ.

ವರ್ನಾ ಗಡಿಯಾರ ಎತ್ತಿಕೊಂಡಳು. ಒಂದು ಉದ್ದ. ಮೂರು ಗಿಡ್ಡ. ಎಲ್ಡಾ ಸತ್ತು ಎಷ್ಟೋ ಕಾಲವಾಗಿತ್ತು. ಅವಳ ಮನೆ ಇದ್ದಲ್ಲಿ ಈಗ ಜೋಳ ಬೆಳೆಯುತ್ತಾರೆ. ವರ್ನಾ ಗಂಟಲು ಸರಿಮಾಡಿಕೊಂಡು ಫ್ಲಾಸಿಯ ಕೀಚಲು ದನಿ ತೆಗೆದಳು.

"ಎಲ್ಡಾ, ನಿನ್ನ ಕೋಳಿ ಮೊಟ್ಟೆ ಇಡ್ತಿವೆಯೇನೇ?"

ಆಮೇಲೆ ಎಲ್ಡಾಳ ದಪ್ಪ ದನಿ. "ಎಲ್ಲಿ ಇಡ್ತಾವೆ? ನನ್ನ ಗಂಡನ ಮುಖ ನೋಡಿ ಹೆದರ್ಕೊಂಡು ಕೂತಿವೆ."

"ಕ್ರೌಸ್ ಮನೆಗೆ ಟೆಲಿವಿಷನ್ ಬಂತಂತೆ?"

"ಬಂತು. ಚಿತ್ರವೇ ಕಾಣಲ್ಲ, ಬರೀ ಬಿಳಿ ಚುಕ್ಕಿ ಹಿಮದ ಹಾಗೆ ಬೀಳ್ತಿದೆ ಅದರಲ್ಲಿ. ಹೊರಗೂ ಹಿಮ, ಪೆಟ್ಟಿಗೇಲೂ ಹಿಮ. ಆದ್ರೂ ರಸ್ತೆಯವರೆಲ್ಲ ಅವರ ಸೋಫಾದ ಮೇಲೇ ಕೂತಿದಾರೆ. ಪಾಪ, ಪಾಪ್‌ಕಾರ್ನ್ ಹುರಿದೂ ಹುರಿದೂ ಆ ಮನೆಯವಳ ಕೈ ಬಿದ್ದೋಗಿದೆ."

ಬಾಗಿಲಲ್ಲಿ ಮಾರ್ಲೀನ್ ಬಂದು ನಿಂತಳು. ವರ್ನಾ ಅವಳಿಗೆ ಸುಮ್ಮನಿರು ಎಂದು ಕೈ ಮಾಡಿದಳು. ಫೋನಿನಲ್ಲಿ ಏನೂ ಇರಲಿಲ್ಲ. ಯಂತ್ರದ ಗುಂಯ್ ಎನ್ನುವ ಸದ್ದಷ್ಟೆ. ಅವಳು ಕಿವಿಯನ್ನು ಇನ್ನೂ ಒತ್ತಿ ಹಿಡಿದಳು. ಹಾಂ, ಅದರ ಕೆಳಗೆ ಒಂದು ಉಸಿರು ಇತ್ತು. ಹೋಗುತ್ತ ಬರುತ್ತ ಇದ್ದ ಉಸಿರು ಈಗ ಬಿಗಿಹಿಡಿದು ನಿಂತಿತ್ತು.

ವರ್ನಾ ಮತ್ತೆ ಎಲ್ಡಾಳ ದನಿ ತೆಗೆದಳು. "ಫ್ಲಾಸಿ, ನಿನ್ನ ಮಾತೇ ಕೇಳಿಸ್ತಿಲ್ಲ ಕಣೇ. ಯಾರೋ ಎತ್ಕೊಂಡು ನಿಂತಿದಾರೆ. ಆರ್ವಿಲ್! ಇಳಿಸಯ್ಯ ಫೋನು!"

ಏನೂ ಇಲ್ಲ. ಮಾರ್ಲೀನ್ ಮುಂದೆ ಬಂದು ತಾಯಿಯ ಹೆಗಲ ಮೇಲೆ ಕೈ ಇಟ್ಟಳು.

ಅರಿಜೋನಾದಲ್ಲಿ ಯಾವುದೋ ಚಮಚವೋ ಲೋಟವೋ ಮಂಚದ ಕಂಬಿಗೆ ತಗುಲಿತು.

ಟಕ್.

ಆಮೇಲೆ ಮೂಗಿನಿಂದ ಹೊರಟ ಒಂದು ಗಾಳಿ, ನಗುವಿನಂಥದು. ಲೈನು ಕಡಿಯಲಿಲ್ಲ. ಉಸಿರು ಅಲ್ಲೇ ಇತ್ತು.

ವರ್ನಾ ಏಪ್ರನ್ನಿನ ತುದಿಯಿಂದ ಕಣ್ಣು ಒತ್ತಿಕೊಂಡಳು. ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡು, ಕೆಟಲು ಒಲೆಯ ಮೇಲಿಡು ಎಂದು ಮಗಳಿಗೆ ಸನ್ನೆ ಮಾಡಿ, ಫ್ಲಾಸಿಯ ದನಿಯಲ್ಲಿ ಹೇಳಿದಳು:

"ಹಾಂ, ಹೋದ ನೋಡು. ಈಗ ಕೇಳಿಸ್ತಿದೆ. ಹೇಳೇ ಎಲ್ಡಾ."